ಅರಿವೆಗೆ ಅಂಟಿದ ಅರಿಶಿಣ

ನಮ್ಮ ಬಳಗದಲ್ಲಿ ನಾಲ್ಕು ಜನ ಒಂದು ಕಡೆ ಕೂತರೆ ಸಾಕು, ಆ ಕಥೆ ಹೊರಗೆ ಬರುತ್ತದೆ. ಅಪ್ಪನ ತಮ್ಮ, ನನ್ನ ಕಾಕಾನ ನಿಶ್ಚಯಕ್ಕೆಂದು ಆಳಂದದಿಂದ ಜೇವರ್ಗಿಗೆ ಹೊರಟ ಅಜ್ಜನ ಹಳೇ ಕಾರು ನಡುದಾರಿಯಲ್ಲಿ ಕುದಿದು ನಿಂತ ಕಥೆ. ಕೇಳಿದವರಿಗೆ ಸಿಗುವ ಸಾರಾಂಶ ಇಷ್ಟು: ನನ್ನ ಅತ್ತಿ, ಅಂದರೆ ಅಪ್ಪನ ತಂಗಿ, ಕಾರಿನ ನೀರಿನ ಪೈಪಿನೊಳಗೆ ಹಳೆಯ ಅರಿವೆ ತುರುಕಿದ್ದಳು, ಅರಿವೆ ಅಡ್ಡ ಬಂದು ನೀರು ಹರಿಯಲಿಲ್ಲ, ಕಾರು ಸತ್ತಿತು. ಹೆಂಗಸಿನ ಕೈಗೆ ಯಂತ್ರ ಕೊಟ್ಟರೆ ಹೀಗೇ. ಆಮೇಲೆ ನಗು. ಆಮೇಲೆ ಚಹಾ.

ಈ ಕಥೆಯಲ್ಲಿ ನಿಜವಾದ ಮಾತು ಎರಡೇ. ಕಾರು ಕುದಿದದ್ದು ನಿಜ. ಪೈಪಿನೊಳಗೆ ಅರಿವೆ ಇದ್ದದ್ದೂ ನಿಜ. ಮಿಕ್ಕದ್ದನ್ನು ಜನ ಈ ಎರಡರ ನಡುವೆ ತಮಗೆ ಒಪ್ಪುವ ಹಾಗೆ ಹೊಲಿದುಕೊಂಡಿದ್ದಾರೆ. ಎರಡು ಸಂಗತಿ ಒಂದೇ ಜಾಗದಲ್ಲಿ ಇದ್ದವು ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ ಅಂತ ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಮೊದಲ ವಾರವೇ ಹೇಳಿಕೊಡುತ್ತಾರೆ. ಅಂದು ಆ ಕಾರಿನಲ್ಲಿ ಪೆಟ್ರೋಲೂ ಇತ್ತು, ಕಾಕಾನೂ ಇದ್ದ. ಅವರ ಮೇಲೆ ಯಾರಿಗೂ ಯಾಕೆ ಸಂಶಯ ಬರಲಿಲ್ಲ?

ನನಗೆ ಸಿಟ್ಟಿದೆ. ಅದನ್ನು ಮುಚ್ಚಿಟ್ಟು ಬರೆಯುವ ಸಮಾಧಾನ ನನ್ನಲ್ಲಿಲ್ಲ. ಆ ದಿನ ನಾನು ಹೈಸ್ಕೂಲಿನಲ್ಲಿದ್ದೆ, ಅದೇ ಕಾರಿನ ಹಿಂದಿನ ಸೀಟಿನಲ್ಲಿದ್ದೆ, ಆ ಅರಿವೆಯನ್ನು ನನ್ನ ಕೈಯಾರೆ ಹಿಡಿದಿದ್ದೆ. ಕಥೆ ಹೇಳುವವರಲ್ಲಿ ಅರ್ಧಕ್ಕರ್ಧ ಮಂದಿ ಆ ಕಾರನ್ನೇ ನೋಡಿದವರಲ್ಲ.

ಮೊದಲು ಆ ಅರಿವೆಯ ವಿಷಯ. ಅದನ್ನು ಪೈಪಿನೊಳಗೆ ಇಡುವ ಪದ್ಧತಿ ಶುರು ಮಾಡಿದವಳು ಅತ್ತಿ ಅಲ್ಲವೇ ಅಲ್ಲ, ಅಜ್ಜ. ಅಜ್ಜ ಹೈದರಾಬಾದಿನಿಂದ ತಂದ ವಿಲಾಯತಿ ಕಾರು ಅದು, ನಮ್ಮ ಅಪ್ಪನಿಗಿಂತಲೂ ವಯಸ್ಸಾದದ್ದು. ಎಂಜಿನ್ನು ಬೀಡು ಕಬ್ಬಿಣದ್ದು, ನಮ್ಮ ಬಾವಿಯದು ಸವುಳು ನೀರು. ಎರಡೂ ಕೂಡಿದರೆ ಒಳಗೆಲ್ಲ ಜಂಗು ಹಿಡಿದು, ಪದರು ಪದರಾಗಿ ಉದುರಿ, ಬಿಸಿ ನೀರಿನ ಜೊತೆ ಮೇಲಿನ ಪೈಪಿನಿಂದ ರೇಡಿಯೇಟರಿಗೆ ಬಂದು ಸೇರುತ್ತದೆ. ರೇಡಿಯೇಟರಿನ ಕೊಳವೆಗಳು ಕಡ್ಡಿಯಷ್ಟು ಸಣ್ಣ. ಒಮ್ಮೆ ಗಸಿ ಕೂತರೆ ಮುಗಿಯಿತು, ಆ ಕಾಲದ ಕಾರಿಗೆ ಬೇರೆ ರೇಡಿಯೇಟರು ಎಲ್ಲಿಂದ ತರುವುದು? ಅದಕ್ಕೇ ಅಜ್ಜ ತನ್ನ ಹಳೆಯ ಧೋತ್ರ ಹರಿದು, ಕಾಲುಚೀಲದಂಥ ಒಂದು ಚೀಲ ಹೊಲಿಸಿದ್ದ. ಚೀಲವನ್ನು ಮೇಲಿನ ಪೈಪಿನಲ್ಲಿ ಬಾಯಿ ಎಂಜಿನ್ ಕಡೆಗೆ ಬರುವ ಹಾಗೆ ಇಟ್ಟು ಕ್ಲಿಪ್ಪು ಬಿಗಿಯುತ್ತಿದ್ದ. ನೀರು ಅರಿವೆಯೊಳಗಿನಿಂದ ಸೋಸಿ ಹೋಗುತ್ತಿತ್ತು, ಗಸಿ ಚೀಲದಲ್ಲಿ ಉಳಿಯುತ್ತಿತ್ತು. ಪ್ರತಿ ಸಲ ಗಾಡಿ ಓಡಿಸಿ ಬಂದ ಮೇಲೆ ಚೀಲ ತೆಗೆದು, ಒಳಮೈ ಹೊರಗೆ ಮಾಡಿ, ಜಾಡಿಸಿ, ತೊಳೆದು ಒಣಹಾಕಬೇಕು. ಚಹಾ ಸೋಸುವುದು ಗೊತ್ತಿದ್ದವರಿಗೆ ಇದರಲ್ಲಿ ತಿಳಿಯದ್ದು ಏನೂ ಇಲ್ಲ.

ಅಜ್ಜ ಹೀಗೆ ಮಾಡುವಾಗ ಆಳಂದದ ಮಂದಿ ಬಂದು ನೋಡಿ ತಲೆದೂಗುತ್ತಿದ್ದರು. "ಏನ್ ತಲಿ ಅದರೀ ನಿಮ್ಮದು!" ಅನ್ನುತ್ತಿದ್ದರು. ಅಜ್ಜನ ಕೈ ನಡುಗತೊಡಗಿದ ಮೇಲೆ ಅದೇ ಚೀಲವನ್ನು ಅದೇ ಪೈಪಿನಲ್ಲಿ ಅತ್ತಿ ಇಡತೊಡಗಿದಳು. ಆಗ ಅದಕ್ಕೆ ಬಂದ ಹೆಸರು "ಅರಿವಿ ತುರುಕೂದು". ಅಜ್ಜ ಇಟ್ಟರೆ ಸೋಸುವುದು, ಅತ್ತಿ ಇಟ್ಟರೆ ತುರುಕುವುದು. ಒಂದೇ ಕೆಲಸಕ್ಕೆ ಎರಡು ಕ್ರಿಯಾಪದ. ವ್ಯಾಕರಣದಲ್ಲಿ ಲಿಂಗಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುತ್ತದೆ ಅಂತ ಗೊತ್ತಿತ್ತು. ಇಷ್ಟು ಬದಲಾಗುತ್ತದೆ ಅಂತ ಗೊತ್ತಿರಲಿಲ್ಲ.

ಅತ್ತಿ ಹಿರೋಳ್ಳಿಯ ಶಾಲೆಯಲ್ಲಿ ಮಾಸ್ತರಿಣಿ. ಮದುವೆ ಬೇಡ ಅಂದವಳು, ಅದನ್ನು ಅಜ್ಜ ಒಪ್ಪಿದ್ದ. ಕಾರು ಓಡಿಸುವುದನ್ನೂ ಅವನೇ ಕಲಿಸಿದ್ದ. ತೀರಿಕೊಳ್ಳುವ ಮೊದಲು ಎಲ್ಲರ ಎದುರಿಗೆ, "ಗಾಡಿ ಯಾರು ಜ್ವಾಕಿ ಮಾಡ್ತಾರೋ ಚಾವಿ ಅವರ ಹತ್ರ ಇರ್ಲಿ," ಅಂದಿದ್ದ. ಜೋಪಾನ ಮಾಡುತ್ತಿದ್ದವಳು ಅತ್ತಿ ಒಬ್ಬಳೇ. ಹೀಗಾಗಿ ಚಾವಿ ಅವಳ ಸೊಂಟಕ್ಕೆ ಬಂತು. ಹಿರೋಳ್ಳಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಸ್ಸು ಬಾರದ ದಿನ ಅತ್ತಿ ಸೆರಗು ಸೊಂಟಕ್ಕೆ ಸಿಗಿಸಿ, ಕಾರು ತೆಗೆದು ಹೊರಟುಬಿಡುತ್ತಿದ್ದಳು. ಗಡಿಯ ಕಡೆಯಿಂದ ಬರುವ ಲಾರಿಯವರು ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ಒಮ್ಮೆ ನನ್ನನ್ನೂ ಕೂಡಿಸಿಕೊಂಡು ಅತನೂರಿನವರೆಗೆ ಹೋಗಿ ಬಂದಳು. ಒಂದು ಸಲವೂ, ಕಡು ಬೇಸಿಗೆಯಲ್ಲೂ, ಕಾರು ಕುದಿಯಲಿಲ್ಲ. ಚೀಲ ಆಗಲೂ ಪೈಪಿನಲ್ಲೇ ಇತ್ತು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕಥೆ ಹೇಳುವವರು ಇದನ್ನು ಹೇಳುವುದಿಲ್ಲ.

ನಿಶ್ಚಯದ ಹಿಂದಿನ ದಿನ ಅತ್ತಿ ಬಾನೆಟ್ಟು ಎತ್ತಿ ನೋಡಿದಾಗ ರೇಡಿಯೇಟರಿನ ಅಂಚಿನಲ್ಲಿ ಹನಿ ಹನಿಯಾಗಿ ನೀರು ಜಿನುಗುತ್ತಿತ್ತು. ಚೀಲ ತೊಳೆದು ಮತ್ತೆ ಇಟ್ಟಳು. ಆದರೆ ಕಾಕಾನಿಗೆ ಸ್ಪಷ್ಟವಾಗಿ ಹೇಳಿದಳು.

"ತಮ್ಮಾ, ನಾಳಿಗಿ ಇದನ್ನ ಒಯ್ಯೂದು ಬ್ಯಾಡ. ರೇಡಿಯೇಟರಿನ ಬೆಸಿಗಿ ಬಿಟ್ಟದ. ಕಲಬುರ್ಗಿಗೆ ಕೊಟ್ಟು ಬೆಸಿಗಿ ಹಾಕಿಸೋಣು. ನಾಳಿಗಿ ಜೀಪು ಹೇಳು."

"ಜೀಪಿನ್ಯಾಗ ಕುಂತು ಹೆಣ್ಣಿನ ಮನಿಗಿ ಹೋಗ್ಲೇನಕ್ಕಾ? ಮೆಣಸಿನಕಾಯಿ ಚೀಲದಂಗ?"

"ಹೆಣ್ಣು ನಿನ್ನ ನೋಡಾಕಿ, ಗಾಡಿ ನೋಡಾಕಿ ಅಲ್ಲ."

"ನನ್ನ ಒಬ್ಬನ್ನ ನೋಡಿದ್ರ ಬ್ಯಾಡ ಅಂದಾಳಂತ ಅಂಜಿಕಿ ಅದ," ಅಂದ ಕಾಕಾ. ನಾವೆಲ್ಲ ನಕ್ಕೆವು. ಕಾಕಾ ಮಾತುಗಾರ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅವನ ಮಾತಿಗೆ ನಕ್ಕು ನಕ್ಕೇ ನಮ್ಮ ಮನೆಯಲ್ಲಿ ಎಷ್ಟೋ ಪ್ರಶ್ನೆಗಳು ಕೇಳದೆ ಉಳಿದಿವೆ.

ಬೆಳಿಗ್ಗೆ ನೋಡಿದರೆ ಕಾಕಾ ಕಾರಿನ ಮುಂದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ. "ಸೋರೂದು ನಿಂತದ, ನೋಡ್ಕೊ ಅಕ್ಕಾ." ಅತ್ತಿ ಬಗ್ಗಿ ಬೆರಳಾಡಿಸಿದಳು. ಜಿನುಗು ನಿಂತಿತ್ತು. "ಏನ್ ಮಾಡ್ದಿ?" ಅಂದಳು. "ದೇವರ ದೊಡ್ಡಾಂವ ಇದ್ದಾನ," ಅಂದ. ಅಪ್ಪ ಮತ್ತು ಹಿರಿಯರು ಆಗಲೇ ಬಸ್ಸಿನಲ್ಲಿ ಹೋಗಿದ್ದರು. ಹೊತ್ತಾಗಿತ್ತು. ಅತ್ತಿ ಚಾವಿ ಕೊಟ್ಟಳು. ಅಂದು ವರ ಅವನು, ಹೆಣ್ಣಿನ ಮನೆಯ ಎದುರು ಸ್ಟೇರಿಂಗ್ ಹಿಡಿದು ಇಳಿಯುವ ಆಸೆ ಅವನದು. ಅತ್ತಿ, ಅವ್ವ, ನಾನು ಹಿಂದೆ ಕೂತೆವು. ನಿಶ್ಚಯದ ಬುಟ್ಟಿ ಅವ್ವನ ತೊಡೆಯ ಮೇಲೆ.

ಕಲಬುರ್ಗಿಯವರೆಗೆ ಏನೂ ಆಗಲಿಲ್ಲ. ಅದರಾಚೆ ಕಾರಿನೊಳಗೆ ಒಂದು ವಾಸನೆ ಬರತೊಡಗಿತು. ಸಾರು ಕುದಿಯುವಾಗ ಬರುವಂಥದ್ದು.

"ಕಾಕಾ, ಏನೋ ವಾಸನಿ ಬರಾಕತ್ತದ."

"ನಿಮ್ಮವ್ವನ ಬುತ್ತಿದು. ಹಸಿವಾಗ್ಯಾದೇನ್ ಬೇ?"

ಅವ್ವ ಬುಟ್ಟಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು, ಕಿಟಕಿಯ ಕಡೆ ಮುಖ ಮಾಡಿದಳು. ಆಗ ನನಗೆ ಅದರಲ್ಲಿ ಏನೂ ಕಾಣಲಿಲ್ಲ.

ಭೀಮಾ ಸೇತುವೆ ದಾಟಿ ಏರು ಹತ್ತುವಾಗ ಬಾನೆಟ್ಟಿನ ಸಂದಿಯಿಂದ ಉಗಿ ಎದ್ದಿತು. ಕಾಕಾ ಬೇವಿನ ಮರದ ಕೆಳಗೆ ನಿಲ್ಲಿಸಿದ. ಇಳಿದವನೇ ಮುಚ್ಚಳಕ್ಕೆ ಕೈ ಹಾಕಹೋದಾಗ ಅತ್ತಿ ಗದರಿದಳು, "ಮುಟ್ಟಬ್ಯಾಡಲೇ, ಮುಖ ಸುಟ್ಕೊಂಡು ನಿಶ್ಚಯಕ್ಕ ಹೋಗಾಂವೇನು?" ಆರಿದ ಮೇಲೆ ಅವಳೇ ಕ್ಲಿಪ್ಪು ಸಡಿಲಿಸಿ, ಪೈಪು ಎಳೆದು, ಚೀಲ ತೆಗೆದಳು.

ಒಳಗಿನ ಗಸಿ ಯಾವಾಗಲೂ ಕೆಂಪು ಕಪ್ಪು, ಇಟ್ಟಿಗೆಯ ಪುಡಿ ಮಸಿಯಲ್ಲಿ ಕಲಸಿದ ಹಾಗೆ. ಅಂದು ಚೀಲದ ತುಂಬ ಹಳದಿ ಮುದ್ದೆ. ಅತ್ತಿ ಅದನ್ನು ಮೂಗಿಗೆ ಹಿಡಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು. ನನ್ನ ಬೆರಳಿಗೆಲ್ಲ ಬಣ್ಣ ಹತ್ತಿತು. ಅರಿಶಿಣ. ಮುಖಕ್ಕೆ ಹಚ್ಚಿಕೊಳ್ಳುವ, ಪಲ್ಯಕ್ಕೆ ಹಾಕುವ, ಕೊಯ್ದ ಬೆರಳಿಗೆ ಒತ್ತುವ ಅರಿಶಿಣ.

"ಇದು ಎಂಜಿನ್ನಿನ ಗಸಿ ಅಲ್ಲ," ಅಂದಳು ಅತ್ತಿ, ಕಾಕಾನನ್ನೇ ನೋಡುತ್ತ. ಕಾಕಾ ರಸ್ತೆಯ ಕಡೆ ನೋಡುತ್ತಿದ್ದ. ಅಷ್ಟರಲ್ಲಿ ಜೇವರ್ಗಿಯ ದಿಕ್ಕಿನಿಂದ ಜೀಪು ಬಂತು. ನಾವು ಬಾರದ್ದನ್ನು ಕಂಡು ಹೆಣ್ಣಿನ ಕಡೆಯವರೇ ಹುಡುಕಿಕೊಂಡು ಬಂದಿದ್ದರು, ತಮ್ಮ ಗಾಡಿಗಳನ್ನು ನೋಡುವ ಮಿಸ್ತ್ರಿಯನ್ನೂ ಕರೆದುಕೊಂಡು.

"ಏನಾತ್ರೀ ಮಾವಾರ?" ಅಂದರು ಹೆಣ್ಣಿನ ತಮ್ಮಂದಿರು, ಆಗಲೇ ಅಕ್ಕನ ಗಂಡನ ಮರ್ಯಾದೆ ಕೊಟ್ಟು.

ಕಾಕಾ ಒಂದು ಕ್ಷಣವೂ ತಡೆಯಲಿಲ್ಲ. "ಏನ್ ಹೇಳೂದ್ರಿ? ನಮ್ಮ ಅಕ್ಕಾರು ಪೈಪಿನ್ಯಾಗ ಅರಿವಿ ತುರುಕ್ಯಾರ."

ಜೀಪಿನವರು ಗೊಳ್ಳೆಂದು ನಕ್ಕರು. ಮಿಸ್ತ್ರಿ ಇಳಿದು ಬಂದು ಇಣುಕಿದ. ಅವನಿಗೆ ಯಾರು ಅಳಿಯ, ಯಾರು ಅಳಿಯನ ಅಕ್ಕ ಎಂಬುದು ಪೈಪು ಮುಟ್ಟುವ ಮೊದಲೇ ತಿಳಿದಿತ್ತು. "ಕಪ್ಡಾ ಅಡ್ಡ ಬಂದದ್ರಿ ಸಾಹೇಬ್ರ. ಪಾನಿ ಹ್ಯಾಂಗ ಹೋಗ್ಬೇಕು? ಹೆಣ್ಮಕ್ಕಳ ಕೆಲ್ಸ ಇದು," ಅಂದ. ಹಳದಿ ಯಾಕೆ ಅಂತ ನಾನು ಕೇಳಿದೆ. "ಹಳೇ ಗಾಡಿ ಬೇಟಿ, ಏನೇನೋ ಬರ್ತದ," ಅಂದ. ಇದು ತಜ್ಞರ ಅಭಿಪ್ರಾಯ. ಕಾಕಾ ನನ್ನ ಕೈಯಿಂದ ಚೀಲ ಕಸಿದು ರಸ್ತೆಯ ಆಚೆಯ ತಗ್ಗಿಗೆ ಎಸೆದ. ಸಾಕ್ಷ್ಯ ನಾಶ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅತ್ತಿ ಬಾಯಿ ಬಿಡಲಿಲ್ಲ. ಅದು ನನಗೆ ಅರ್ಥವಾಗುತ್ತದೆ. ತಮ್ಮನ ನಿಶ್ಚಯದ ದಿನ, ಅವನ ಬೀಗರ ಎದುರು, ನಡುರಸ್ತೆಯಲ್ಲಿ ಅವನನ್ನು ಸುಳ್ಳುಗಾರ ಅನ್ನುವುದು ಹೇಗೆ? ಒಂದು ದಿನದ ಮಟ್ಟಿಗೆ ನುಂಗಿಕೊಂಡಳು. ಆ ಒಂದು ದಿನ ಮುಗಿಯಲೇ ಇಲ್ಲ.

ಜೇವರ್ಗಿಯಲ್ಲಿ ಇನ್ನೊಂದು ಸಣ್ಣ ಅವಮಾನ ಆಯಿತು. ಅವ್ವ ಬುಟ್ಟಿ ಬಿಚ್ಚಿ ತಟ್ಟೆ ಜೋಡಿಸುವಾಗ ಅರಿಶಿಣದ ಬಟ್ಟಲು ತಳ ಕಾಣುತ್ತಿತ್ತು. ಹೆಣ್ಣಿನ ಕಡೆಯ ಅಜ್ಜಿಯೊಬ್ಬಳು ಎಲ್ಲರಿಗೂ ಕೇಳುವ ಹಾಗೆ, "ಆಳಂದದಾಗ ಅರಿಷಿಣ ಸಿಗಂಗಿಲ್ಲೇನ್ರೀ ಯವ್ವಾ?" ಅಂದಳು. ಅವ್ವ ತಲೆ ಬಗ್ಗಿಸಿ, "ಗಡಿಬಿಡಿಯಾಗ ಮರತೆರಿ," ಅಂದಳು. ಅವರದೇ ಮನೆಯ ಅರಿಶಿಣ ಇಸಿದುಕೊಂಡು ಶಾಸ್ತ್ರ ಮುಗಿಯಿತು. ನನ್ನ ಹಳದಿ ಬೆರಳು ನೋಡಿ ಹೆಂಗಸರು, ಅಯ್ಯ ಈ ಹುಡುಗಿ ಆಗಲೇ ಅರಿಶಿಣ ಆಡಿಬಿಟ್ಟಾಳ ಅಂತ ಗಲ್ಲ ಹಿಂಡಿದರು.

ಊರಿಗೆ ಮರಳಿದ ಮೇಲೆ ಚಾವಿ ಕಾಕಾನ ಅಂಗಿಯ ಕಿಸೆಗೆ ಹೋಯಿತು. ಗಾಡಿ ಕೆಡಿಸಿದವಳ ಕೈಯಲ್ಲಿ ಗಾಡಿ ಇಡಬಾರದು ಅಂತ ಹಿರಿಯರೇ ತೀರ್ಮಾನ ಮಾಡಿದರು. ಅಜ್ಜನ ಮಾತನ್ನೇ ಅವಳ ವಿರುದ್ಧ ತಿರುಗಿಸಿದರು: ಜ್ವಾಕಿ ಮಾಡಾಕಿ ಅಂತಲ್ಲ ಚಾವಿ ಕೊಟ್ಟಿದ್ದು? ಮಾಡಿದಳೇನು? ಅತ್ತಿ ಮತ್ತೆ ಹಿರೋಳ್ಳಿಯ ಬಸ್ಸಿಗೆ ಕಾಯತೊಡಗಿದಳು. ಬಂದ ದಿನ ಸರಳು ಹಿಡಿದು ನಿಂತು ಹೋಗುತ್ತಾಳೆ, ಬಾರದ ದಿನ ಸಿಕ್ಕ ಟ್ರ್ಯಾಕ್ಟರು ಹತ್ತುತ್ತಾಳೆ. ಕಾಕಾ ರೇಡಿಯೇಟರಿಗೆ ಬೆಸುಗೆ ಹಾಕಿಸಿ ಕಾರು ಓಡಿಸಿದ, ಈ ಸಲ ಚೀಲ ಇಲ್ಲದೆ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಕೊಳವೆಗಳಲ್ಲಿ ಗಸಿ ಗಟ್ಟಿಯಾಗಿ ಕಾರು ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ನಿಂತಿತು. ಅರಿವೆ ಇದ್ದಾಗ ವರ್ಷಗಟ್ಟಲೆ ಓಡಿದ ಗಾಡಿ, ಅರಿವೆ ಇಲ್ಲದೆ ಒಂದು ವರ್ಷ ಬಾಳಲಿಲ್ಲ. ಅದಕ್ಕೂ ಕಾರಣ ಅತ್ತಿಯೇ ಅಂತೆ. "ಅವತ್ತ ಕುದ್ದಿದ್ದಕ್ಕ ಎಂಜಿನ್ನು ಸೊರಗಿತ್ತು." ಅವಳಿಗೆ ಬಿದ್ದ ಹೆಸರು "ಅರಿವಿ ಅತ್ತಿ". ನಮ್ಮ ಬಳಗದ ಸಣ್ಣ ಮಕ್ಕಳಿಗೆ ಅವಳ ಬೇರೆ ಹೆಸರೇ ಗೊತ್ತಿಲ್ಲ.

ಈ ವರ್ಷ ಅಫಜಲಪುರದಲ್ಲಿ ಕಾಕಿಯ ತಂಗಿಯ ಮನೆ ಒಕ್ಕಲು. ಎಲ್ಲರೂ ಹೋಗಿದ್ದೆವು. ಊಟ ಮುಗಿದು ಪಡಸಾಲೆಯಲ್ಲಿ ಕೂತಾಗ ಕಾಕಿ ಕಥೆ ಶುರು ಮಾಡಿದಳು. ಕಾಕಿ ಚೆನ್ನಾಗಿ ಹೇಳುತ್ತಾಳೆ, ಉಗಿ ಏಳುವ ಸದ್ದನ್ನೂ ಮಾಡಿ ತೋರಿಸುತ್ತಾಳೆ. ಅತ್ತಿ ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನನಗೆ ತಡೆಯಲಿಲ್ಲ.

"ಕಾಕಿ, ನೀವು ಅವತ್ತು ಕಾರಿನ್ಯಾಗ ಇದ್ರೇನು?"

"ನಾ ಹ್ಯಾಂಗ ಇರ್ತೇನಿ ಬೇ? ನಾ ಸೀರಿ ಉಟ್ಗೊಂಡು ಮನ್ಯಾಗ ಕುಂತಿದ್ದೆ."

"ನಾ ಇದ್ದೆ. ಅರಿವಿ ನನ್ನ ಕೈಯಾಗಿತ್ತು. ಒಳಗ ಹಿಡಿ ತುಂಬ ಅರಿಷಿಣ ಇತ್ತು."

ಕಾಕಾ ನಕ್ಕ. "ಬಂತು ನೋಡ್ರಿ ಚರ್ಚಾಸ್ಪರ್ಧೆ! ಏ, ಗಂಟಿ ಬಾರಸ್ರಿ ಯಾರರೆ." ಎಲ್ಲರೂ ನಕ್ಕರು. ಆಮೇಲೆ ವಾದಕ್ಕಿಳಿದ. "ನಿಶ್ಚಯದ ದಿನ ಬೇ ಅದು. ನಿಮ್ಮ ಅತ್ತಿ ಕೈ ತುಂಬ ಅರಿಷಿಣ ಇರ್ತದ. ಅರಿವಿಗಿ ಹತ್ತಿರ್ತದ."

"ಅತ್ತಿ ಅರಿವಿ ಇಟ್ಟದ್ದು ಹಿಂದಿನ ದಿನ. ಕೈಯಿಂದ ಹತ್ತಿದ್ರ ಹೊರಗ ಹತ್ತಬೇಕು, ಒಳಗ ಮುದ್ದಿ ಹ್ಯಾಂಗ ಆಗ್ತದ? ಚೀಲದ ಬಾಯಿ ಎಂಜಿನ್ನಿನ ಕಡಿ ಇತ್ತು. ಒಳಗ ಸಿಕ್ಕದ್ದು ಎಂಜಿನ್ ಸುತ್ತಿ ಬಂದದ್ದು. ಎಂಜಿನ್ನಿಗಿ ಅರಿಷಿಣ ಎಲ್ಲಿಂದ ಬಂತು? ಮ್ಯಾಲ ಮುಚ್ಚಳ ತಗದು ಯಾರೋ ಸುರುವ್ಯಾರ. ಅದೇ ಅರಿವಿ ಕಣ್ಣು ಮುಚ್ಚಿ ನೀರು ತಡದದ."

"ಒಂದ್ ಚಿಟಿಕಿ ಅರಿಷಿಣಕ್ಕ ಎಲ್ಲೆರೆ ಗಾಡಿ ನಿಲ್ತಾವೇನ್ ಬೇ? ಲಾರಿ ಡ್ರೈವರ್ ಮಂದಿ ದಿನಾ ಹಾಕ್ತಾರ, ಸೋರೂದು ನಿಲ್ಲಾಕ. ಕೈ ಬಟ್ಟು ಕೊಯ್ದ್ರ ಹಚ್ಚೂದಿಲ್ಲೇನು, ಹಂಗ!"

"ಚಿಟಿಕಿ ಅಂತ ನಾ ಹೇಳಿಲ್ಲ ಕಾಕಾ. ನೀ ಹಾಕಿದಿ ಅಂತನೂ ಹೇಳಿಲ್ಲ."

ಕಾಕಿ ಕಾಕಾನ ಮುಖ ನೋಡಿದಳು. ಕಾಕಾ ಮೀಸೆ ಒರೆಸಿಕೊಂಡು, "ಇಕಿನ್ನ ವಕೀಲಿ ಓದಸ್ರಿ, ಕೋರ್ಟಿನ್ಯಾಗ ಬೆಂಕಿ ಹಚ್ತಾಳ," ಅಂದ. ಮತ್ತೆ ನಗು. ಅಷ್ಟೇ. ಒಬ್ಬರೂ ಅತ್ತಿಯ ಕಡೆ ತಿರುಗಲಿಲ್ಲ. ಕಾಲೇಜಿನಲ್ಲಾದರೆ ಎದುರಾಳಿ ತನ್ನ ಬಾಯಿಂದಲೇ ಒಪ್ಪಿಕೊಂಡರೆ ಅಲ್ಲಿಗೆ ತೀರ್ಪು. ಇಲ್ಲಿ ಚಹಾ ಬಂತು. ತಟ್ಟೆ ಹಿಡಿದು ಬಂದ ಹುಡುಗಿ ಕೂಗಿದಳು, "ಅರಿವಿ ಅತ್ತಿ, ಚಹಾ ತಗೋರಿ."

ಅತ್ತಿ ತೆಗೆದುಕೊಂಡಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಗೆದ್ದಿ ಏನು?"

"ಗೆದ್ದೆ."

"ಚಾವಿ ಕೊಟ್ರೇನು?"

ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳ ಸಾಲು ನೆನಪಾಗಿ ನಾಚಿಕೆ ಅನ್ನಿಸಿತು. ಕಾಕಾನ ಬಾಯಿ ಕಟ್ಟಿಸಿದರೆ ಸಾಕು ಅಂದುಕೊಂಡಿದ್ದೆ. ಸಾಲದು. ಕಾಕಾನ ಮಾತನ್ನು ಕಾಕಾನೇ ತೇಲಿಸಿಬಿಡುತ್ತಾನೆ. ಇನ್ನೊಬ್ಬರು ಬೇಕು, ಕಣ್ಣಾರೆ ಕಂಡವರು, ಕಾಕಾನ ತಮಾಷೆಗೆ ನಗದವರು.

ಬಸ್ಸಿನಲ್ಲಿ ಮರಳುವಾಗ ಮತ್ತೆ ಎಲ್ಲ ಕೂಡಿಸಿ ನೋಡಿದೆ. ನಮ್ಮ ಮನೆಯ ಗಂಡಸರಲ್ಲಿ ಯಾರಿಗೂ ಅಡುಗೆಮನೆಯ ಯಾವ ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿಲ್ಲ. ಕಾಕಾ ಉಪ್ಪು ಬೇಕಾದರೂ ಪಡಸಾಲೆಯಿಂದ "ವೈನೀ" ಅಂತ ಅಣ್ಣನ ಹೆಂಡತಿಯನ್ನು ಕೂಗುವವನು. ನಿಶ್ಚಯದ ಅರಿಶಿಣವಂತೂ ಹೊಸದಾಗಿ ಕುಟ್ಟಿ, ಸೋಸಿ, ಬುಟ್ಟಿಯಲ್ಲಿ ಕಟ್ಟಿ ಇಟ್ಟದ್ದು. ಅದು ತಾನೇ ನಡೆದುಕೊಂಡು ಹೋಗಿ ರೇಡಿಯೇಟರಿನಲ್ಲಿ ಬೀಳಲಿಲ್ಲ. ಬುಟ್ಟಿ ಕಟ್ಟಿದವಳು ಒಬ್ಬಳೇ. ಯಾರ ಮನೆಯ ಶುಭಕಾರ್ಯಕ್ಕೆ ಏನು ಒಯ್ಯಬೇಕೆಂದು ಇಡೀ ಓಣಿ ಕೇಳಿಕೊಂಡು ಬರುವುದು ಅವಳನ್ನೇ. ಅಂಥವಳು ನಿಶ್ಚಯಕ್ಕೆ ಅರಿಶಿಣ ಮರೆತಳಂತೆ.

ನನ್ನ ಸಿಟ್ಟು ಅಲ್ಲಿಯವರೆಗೆ ಒಬ್ಬನ ಮೇಲಿತ್ತು. ಮುಂದಿನ ಸೀಟಿನಲ್ಲಿ ಕೂತಿದ್ದ ಅವ್ವನ ಬೆನ್ನು ನೋಡುತ್ತ ಅದು ಎಲ್ಲಿಗೆ ಬಂದು ನಿಂತಿತು ಅಂತ ಗೊತ್ತಾಯಿತು. ಅವಳ ಪಕ್ಕದಲ್ಲೇ ಅತ್ತಿ, ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಮನೆಗೆ ಬಂದ ಮರುದಿನ ಮುಂಜಾನೆ, ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ, ಎದುರಿಗೆ ಕೂತು ಕೇಳಿದೆ. ಅವಳ ಕೈ ನಿಂತಿತು, ತಲೆ ಮೇಲೆ ಬರಲಿಲ್ಲ.

"ಅವ್ವಾ, ಅವತ್ತು ಕಾಕಾಗ ಅರಿಷಿಣ ತಗದು ಕೊಟ್ಟಾಕಿ ನೀನೇ ಏನು? ಕೊಟ್ಟಿದ್ರ, ಅತ್ತಿ ಕೈಯಾಗಿನ ಚಾವಿ ಇಸ್ಗೊಳ್ಳುವಾಗ ನೀ ಅಲ್ಲೇ ನಿಂತು ಹ್ಯಾಂಗ ನೋಡ್ದಿ?"